ಬಾಟ್ಲಿಯಾಗಿನ ಮಳಿ, ಹೊಲದಾಗಿನ ಹಸಿ

51 ಡಿಗ್ರಿ ಅಂತ ಬೋರ್ಡ್ ಮ್ಯಾಲ ಬರದ್ರು ನಮ್ ಒಂಬತ್ತನೇ ಕ್ಲಾಸಿನ ಹುಡುಗ್ರು. ಅವತ್ತಿನ ಪೇಪರ್‌ದಾಗ ಕಲಬುರಗಿ 41 ಅಂತ ಇತ್ತು. ಹಿಂದಿನ ಬೆಂಚಿನಾಂವ ಒಬ್ಬ ಎದ್ದು ನಿಂತು "ಟೀಚರ್, ಪೇಪರಿನವ್ರು 10 ಡಿಗ್ರಿ ನುಂಗ್ಯಾರ್ರಿ" ಅಂದ. ಎಲ್ಲಾರೂ ನಕ್ರು, ನಾನೂ ನಕ್ಕೆ, ಆದ್ರ ಒಳಗ ಅಂಜಿಕಿ ಇತ್ತು ಯಾಕಂದ್ರ 14 ವರ್ಷದಿಂದ ವಿಜ್ಞಾನ ಹೇಳ್ಲಿಕತ್ತೀನಿ, ಥರ್ಮಾಮೀಟರ್ ಎಲ್ಲಿ ತೂಗ ಹಾಕ್ಬೇಕು ಅಂತ ಒಮ್ಮಿನೂ ನನ್ ಕೈಲೆ ಮಾಡಿ ನೋಡಿದ್ದಿಲ್ಲ. ಪುಸ್ತಕದಾಗ ಚಿತ್ರ ಇರ್ತದ, ತೋರ್ಸ್ತೀವಿ, ಪುಟ ತಿರುವ್ತೀವಿ.

ನಮ್ ಸಾಲಿ ಚಿತ್ತಾಪುರ ತಾಲೂಕಿನ ಒಂದು ಊರಾಗ ಅದ, ಊರ ಹೆಸರು ಬ್ಯಾಡ ಬಿಡ್ರಿ. ಕಾಗಿಣಾ ಹೊಳಿ ಭಾಳ ದೂರ ಇಲ್ಲ. ಊರಿನ ಒಂದು ಕಡಿ ಎರಿ ಹೊಲ, ಅಂದ್ರ ಕರಿ ಮಣ್ಣು, ಇನ್ನೊಂದ್ ಕಡಿ ಮಸಾರಿ, ಅಂದ್ರ ಉಸುಕು ಕೂಡಿದ ಮಣ್ಣು, ನಡುವ ನೆಲಕ್ಕ ಹಾಸೋ ಪರ್ಸಿ ಕಲ್ಲಿನ ಖಣಿ. ಭೂಮಿ ಬಗ್ಗೆ ಪಾಠ ಮಾಡ್ಲಿಕ್ಕಿ ಇದಕ್ಕಿಂತ ಛೊಲೊ ಜಾಗಾ ಸಿಗಂಗಿಲ್ಲ, ಆದ್ರೂ ನಾವು ಇಷ್ಟ್ ವರ್ಷ ಮಾಡಿದ್ದು ಏನಂದ್ರ ಡ್ರಾಯಿಂಗ್ ಶೀಟ್ ಮ್ಯಾಲ ಮಳಿ ಚಕ್ರದ ಚಿತ್ರ ಬಿಡ್ಸಿ ಚಟುವಟಿಕಿ ಫೈಲಿಗಿ ಹಚ್ಚೋದು. ಖರೇ ಹೇಳ್ಬೇಕಂದ್ರ ಎಷ್ಟೋ ಸಲ ಚಟುವಟಿಕಿ ಮೊದ್ಲು ಫೈಲ್‌ದಾಗ ಆಗ್ತದ, ಆಮ್ಯಾಲ ನೆನಪಾದ್ರ ಮೈದಾನದಾಗ.

ಹೋದ ಸಲ ಜೂನ್‌ದಾಗ ಸಾಲಿ ಚಾಲೂ ಆದಾಗ, ಈ ವರ್ಷ ಹವಾಮಾನ ನಾವೇ ಅಳಿಯೋಣ, ವರ್ಷ ಪೂರ್ತಿ, ಅಂತ ಹೇಳ್ಬಿಟ್ಟೆ. ಹೇಳೋದು ಸುಲಭ. ನಾಸಾದವ್ರ ಆಸರದಾಗ 1995ರಿಂದ ಗ್ಲೋಬ್ ಅಂತ ಒಂದು ಕಾರ್ಯಕ್ರಮ ನಡದದ, ಬ್ಯಾರೆ ಬ್ಯಾರೆ ದೇಶದ ಸಾಲಿ ಹುಡುಗ್ರು ತಾವೇ ಮಳಿ, ಮೋಡ, ಮಣ್ಣು ಎಲ್ಲಾ ಅಳದು ಕಳಸ್ತಾರ, ಅದರ ಬಗ್ಗೆ ಓದಿದ್ದೆ, ಅಲ್ಲಿಂದ ಈ ಹುಳ ತಲಿಗಿ ಹೊಕ್ಕಿತ್ತು. ನಮ್ ಹತ್ರ ಸಾಮಾನು ಅಂದ್ರ ಲ್ಯಾಬಿನ ಎರಡು ಥರ್ಮಾಮೀಟರ್, ಒಂದು ಟೇಪು, ಬಿಸಿಯೂಟದ ತೂಕದ ತಕ್ಕಡಿ, ಇಷ್ಟೇ.

ಆ 51 ಡಿಗ್ರಿದು ಹೇಳ್ತೀನಿ. ಹುಡುಗ್ರು ಥರ್ಮಾಮೀಟರ್ ಹಚ್ಚಿದ್ದು ಪಡುವಲ ಗೋಡಿಗಿ, ತಗಡಿನ ಶೀಟಿನ ಕೆಳಗ, ಮಧ್ಯಾಹ್ನ 3 ಗಂಟೆಕ್ಕ. ಅಲ್ಲಿ ಕೈ ಇಟ್ರ ಚುರ್ ಅಂತದ. ಗಾಳಿದಲ್ಲ, ಗೋಡಿ ಮತ್ತ ತಗಡಿಂದು ಜ್ವರ ನೋಡಿದ್ರು ಅವ್ರು. ನಾ ಇದನ್ನ ಬಾಯಿಲೆ ಹೇಳ್ಲಿಲ್ಲ, "ಬ್ಯಾರೆ ಕಡಿ ಇಟ್ಟು ನೋಡ್ರಿ" ಅಂದೆ ಅಷ್ಟೇ. ಬೇವಿನ ಗಿಡದ ನೆರಳಾಗ ಎದಿ ಎತ್ತರಕ್ಕ ಹಿಡದ್ರ 40, ಸ್ಟಾಫ್ ರೂಮಿನಾಗ 38, ಸಾಲಿ ಹಿಂದಿನ ಎರಿ ಹೊಲದ ಮಣ್ಣಿನ ಮ್ಯಾಲ ಥರ್ಮಾಮೀಟರಿನ ಬುಡ್ಡಿ ಇಟ್ರ 58. ಒಂದೇ ಊರು, ಒಂದೇ ತಾಸು, ನಾಕು ಅಂಕಿ. ಯಾವುದು ಖರೇ ಅಂತ ಜಗಳ ಹತ್ತಿತು, ಬೆಲ್ ಆದ್ರೂ ನಿಲ್ಲಲಿಲ್ಲ. ಆಮ್ಯಾಲ ಅದೇ ಹೊಲದಾಗ ಒಂದ್ ಗೇಣು ಆಳಕ್ಕ ತೆಗ್ಗು ಹೊಡದು ಬುಡ್ಡಿ ಇಟ್ರ ಎಷ್ಟೋ ಕಮ್ಮಿ ಬಂತು, ಅದಕ್ಕೇ ಅಲ್ಲೇನು ನಮ್ ಮಂದಿ ಮೊದ್ಲು ಜ್ವಾಳ ನೆಲದೊಳಗಿನ ಹಗೇವಿನಾಗ ಇಡ್ತಿದ್ರು ಅಂತ ಒಂದು ಹುಡುಗಿ ಅಂದ್ಳು. ನನಗ ಹೊಳಿದಿದ್ದಿಲ್ಲ ಅದು.

ಊರಿನ ಬಡಿಗ್ಯಾರ ಹತ್ರ ಹಳೀ ಬೆಂಚಿನ ಕಟಗಿಲೆ ಥರ್ಮಾಮೀಟರ್ ಇಡ್ಲಿಕ್ಕಿ ಒಂದು ಡಬ್ಬಿ ಮಾಡಿಸಿದ್ವಿ, ಸುತ್ತ ಗಾಳಿ ಆಡೋ ಹಂಗ ಸಂದು ಬಿಟ್ಟು ಓರಿ ಪಟ್ಟಿ, ಬಿಳಿ ಬಣ್ಣ, ಬಾಗಲಾ ಬಡಗಣ ಮಾರಿ ಮಾಡಿ, ತೆರದಾಗ ಬಿಸಿಲು ಸೀದಾ ಒಳಗ ಬೀಳಬಾರ್ದು ಅಂತ. ಹವಾಮಾನ ಇಲಾಖೆದವ್ರು ಇಡೋ ಸ್ಟೀವನ್ಸನ್ ಪೆಟ್ಟಿಗಿ ಅಂತಾರಲ್ಲ, ಅದರದೇ ಬಡವರ ನಮೂನಿ. ಆ ಥಾಮಸ್ ಸ್ಟೀವನ್ಸನ್ ಅಂಬಾಂವ ಸ್ಕಾಟ್ಲೆಂಡಿನಾಗ ದೀಪಸ್ತಂಭ ಕಟ್ಟೋ ಇಂಜಿನಿಯರ್ ಇದ್ನಂತ, ಸಮುದ್ರದ ದಂಡಿಗಿ ಇದ್ದಾಂವನ ಪೆಟ್ಟಿಗಿ ನಮ್ ಬಿಸಿಲೂರಿಗಿ ಬಂತು ನೋಡ್ರಿ. ಬಡಿಗ್ಯಾ ರೊಕ್ಕ ತಗೊಳ್ಳಲಿಲ್ಲ, "ಪಾರಿವಾಳದ ಗೂಡು ಇಷ್ಟ್ ಎತ್ತರಕ್ಕ ಯಾಕ್ರಿ ಅಕ್ಕೋರೆ" ಅಂತ ಮಾತ್ರ ನಾಕ್ ಸಲ ಕೇಳ್ದ.

ಇಲ್ಲೊಂದು ಮಾತು. ಜಗತ್ತಿನ ಸರಾಸರಿ ಉಷ್ಣಾಂಶ 1850ರಿಂದ 1900ರ ಕಾಲಕ್ಕ ಹೋಲಿಸಿದ್ರ 2011ರಿಂದ 2020ರ ಹೊತ್ತಿಗಿ ಏರಿದ್ದು 1.1 ಡಿಗ್ರಿ. ಕ್ಲಾಸಿನಾಗ ಇದನ್ನ ಎಷ್ಟೋ ವರ್ಷ ಹೇಳೀನಿ, ಹುಡುಗ್ರು "ಅಷ್ಟೇನಾ" ಅಂತಿದ್ರು. ಈ ಸಲ ಹಂಗ ಅನ್ಲಿಲ್ಲ. "ನಮ್ ಗೋಡಿನೇ 10 ಡಿಗ್ರಿ ಸುಳ್ಳ ಹೇಳ್ತದ, ಅವ್ರು ಜಗತ್ತಿಂದು 1 ಡಿಗ್ರಿ ಹ್ಯಾಂಗ ಹಿಡದ್ರು ಟೀಚರ್?" ಅಂತ ಕೇಳಿದ್ರು. ಆ ಪ್ರಶ್ನಿಗಿ ಎರಡು ಪಿರಿಯಡ್ ಹೋಯ್ತು. ಸಾವಿರಾರು ಕಡಿ ಒಂದೇ ನಮೂನಿ ಪೆಟ್ಟಿಗಿ, ಒಂದೇ ಎತ್ತರ, ಗೊತ್ತುಮಾಡಿದ ಟೇಮು, ವರ್ಷಾನುಗಟ್ಟಲೆ. ಒಂದು ವರ್ಷದ ಲೆಕ್ಕ ಇಟ್ಕೊಂಡು ಹವಾಮಾನ ಬದಲಾಗ್ಯದ ಅಂತ ಹೇಳ್ಲಿಕ್ಕಿ ಬರಂಗಿಲ್ಲ, 30 ವರ್ಷದ ಸರಾಸರಿ ಇಟ್ಕೊಂಡು ನೋಡ್ತಾರ ಅಂದಾಗ ಒಬ್ಬಾಂವ ಲೆಕ್ಕ ಹಾಕಿ "ಅಷ್ಟೊತ್ತಿಗಿ ನಂಗ 44 ಆಗಿರ್ತದ್ರಿ, ನೀವು ರಿಟೈರ್" ಅಂದ.

ಇನ್ನ ಮಳಿ ಬಾಟ್ಲಿ. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟ್ಲಿ ಮ್ಯಾಲಿಂದು ಕತ್ತರಿಸಿ, ಅದನ್ನೇ ತಿರುವಿ ಆಲಿಕಿ ಮಾಡಿ ಹಾಕೋದು, ಬಗಲಿಗಿ ಸ್ಕೇಲ್ ಹಚ್ಚೋದು. ಎಲ್ಲಾರಿಗೂ ಗೊತ್ತಿದ್ದಿದ್ದೇ. ಗೊತ್ತಿಲ್ಲದ್ದು ಏನಂದ್ರ ಬಾಟ್ಲಿ ತಳ ಸಪಾಟ್ ಇರಂಗಿಲ್ಲ, ಗುಬ್ಬಿ ಗುಬ್ಬಿ ಇರ್ತದ. ಮೊದಲ ಎರಡು ಮಳಿ ನಾವು ತಳದಿಂದ ಅಳದ್ವಿ, ಎರಡೂ ತಪ್ಪು. ಆಮ್ಯಾಲ ಸಣ್ಣ ಹರಳು ಹಾಕಿ ಗುಬ್ಬಿ ಮುಚ್ಚೋತನ ನೀರು ಹಾಕಿ ಅಲ್ಲಿ ಸೊನ್ನಿ ಗೆರಿ ಎಳದ್ವಿ. ದಿನಾ ಮುಂಜಾನಿ 8:30ಕ್ಕ ಓದೋದು, ಇಲಾಖೆದವ್ರು ಓದೋ ಟೇಮೂ ಅದೇ. ಮತ್ತ ಬಾಟ್ಲಿ ಗಾಳಿಗಿ ಉರುಳ್ತದ, ಅದಕ್ಕ ಸುತ್ತ ಇಟ್ಟಂಗಿ. ಮಂಗ್ಯಾ ಬಂದು ಆಲಿಕಿ ಒಯ್ದಿದ್ದೂ ಅದ, ಅದು ಬ್ಯಾರೆ ಕಥಿ.

ಮಿಲಿಮೀಟರ್ ಅಂದ್ರ ಏನಂತ ಹುಡುಗ್ರ ತಲಿಗಿ ಹೋಗಿದ್ದು ಸಾಲಿ ಮಾಳಗಿ ಅಳದಾಗ. ಒಂದು ಚದರ ಮೀಟರ್ ಜಾಗಾದ ಮ್ಯಾಲ ಒಂದು ಮಿಲಿಮೀಟರ್ ಮಳಿ ಬಂದ್ರ ಒಂದು ಲೀಟರ್ ನೀರು. ನಮ್ ಮಾಳಗಿ 160 ಚದರ ಮೀಟರ್, ಅವತ್ತಿನ ಮಳಿ 24 ಮಿಲಿಮೀಟರ್, ಗುಣಿಸಿದ್ರ 3840 ಲೀಟರ್. ಸಾವಿರ ಲೀಟರಿನ ಟ್ಯಾಂಕು ನಾಕರ ಹತ್ರ ಹತ್ರ. ಅದೇ ವಾರ ನಮ್ ಸಾಲಿಗಿ ನೀರಿಂದು ತ್ರಾಸ ಇತ್ತು, ಟ್ಯಾಂಕರ್ ಹಾದಿ ಕಾಯ್ಲಿಕತ್ತಿದ್ವಿ. ಹುಡುಗ್ರು ಮಾಳಗಿ ಕೊಳವಿಯಿಂದ ಗಟಾರಕ್ಕ ಹರಿಯೋ ನೀರು ನೋಡ್ಕೋತ ನಿಂತ್ರು, ಯಾರೂ ಏನೂ ಅನ್ಲಿಲ್ಲ.

ಪಂಚಾಯ್ತಿ ಹತ್ರ ಕೆಎಸ್‌ಎನ್‌ಡಿಎಂಸಿ, ಅಂದ್ರ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವ್ರು ಹಾಕಿದ್ದು ಒಂದು ಮಳಿ ಯಂತ್ರ ಅದ, ಸೋಲಾರ್ ಪ್ಯಾನೆಲ್ ಇರ್ತದಲ್ಲ, 15 ನಿಮಿಷಕ್ಕೊಮ್ಮಿ ತಾನೇ ಬೆಂಗಳೂರಿಗಿ ಲೆಕ್ಕ ಕಳಸೋದು. ಒಂದಿನ ನಮ್ ಬಾಟ್ಲಿಯಾಗ 22, ಅವ್ರದು 9. ದೀಡ್ ಕಿಲೋಮೀಟರ್ ಅಂತರ. ಹುಡುಗ್ರು ತಮ್ದೇ ತಪ್ಪು ಅಂತ ಸಪ್ಪಗಾದ್ರು, ಸರ್ಕಾರಿ ಯಂತ್ರದ ಮುಂದ ಕೂಲ್‌ಡ್ರಿಂಕ್ ಬಾಟ್ಲಿ ಯಾವ ಲೆಕ್ಕ ಅಂತ. ನಾನು ಇನ್ನೊಂದು ಬಾಟ್ಲಿ ಮಾಡಿ ಬಗಲಿಗಿ ಇಡ್ರಿ ಅಂದೆ. ಮುಂದಿನ ಮೂರು ಮಳಿ ಎರಡೂ ಬಾಟ್ಲಿ ಒಂದೇ ಹೇಳಿದ್ವು, ಒಂದೊಂದ್ ಸಲ ಪಂಚಾಯ್ತಿದು ಹೆಚ್ಚು, ಒಂದೊಂದ್ ಸಲ ನಮ್ದು. ಬಾಟ್ಲಿ ತಪ್ಪಿಲ್ಲ, ಮಳಿನೇ ಹಂಗ. ಸಾಲಿ ಮುಂದಿನ ಮನಿ ಮುತ್ಯಾ ಕಟ್ಟಿ ಮ್ಯಾಲ ಕುಂತು ಕೇಳಿಸ್ಕೊಂಡು "ಎತ್ತಿನ ಒಂದ್ ಕೋಡು ತೋಯ್ತದ, ಇನ್ನೊಂದು ಒಣಗಿರ್ತದ, ಅದಕ್ಕ ಬಾಟ್ಲಿ ಬೇಕೇನು" ಅಂದ.

ಈ ಮುತ್ಯಾಂದೇ ಮುಂದಿನ ಪಾಠ. ಅಂವಗ ನಮ್ ಮಿಲಿಮೀಟರ್ ಸೇರ್ಲೇ ಇಲ್ಲ. "ಅಕ್ಕೋರೆ, ಬಾಟ್ಲಿಯಾಗ ಎಷ್ಟ್ ಬಿತ್ತು ಅಂತ ತೊಗರಿ ಕೇಳ್ತದೇನು? ಹೊಲದಾಗ ಎಷ್ಟ್ ಹಸಿ ಆಗ್ಯದ ಹೇಳ್ರಿ." ನಮ್ ಕಡಿ ರೈತ್ರು ಮಳಿ ಅಳಿಯೋದೇ ಹಂಗ, ಕುರ್ಪಿಲೆ ಕೆದ್ರಿ ಮಣ್ಣು ಎಲ್ಲಿತನ ತೋಯ್ದದ ನೋಡೋದು, ನಾಕ್ ಬೆರಳು ಹಸಿ, ಒಂದ್ ಗೇಣು ಹಸಿ, ಮೊಳ ಹಸಿ. ಮಿರಗ (ಮೃಗಶಿರಾ) ಮಳಿಗಿ ಗೇಣು ಹಸಿ ಆದ್ರ ಬಿತ್ತಿಗಿಗಿ ಹೊಂಡ್ತಾರ. ನಾ ಸಣ್ಣಾಕಿದ್ದಾಗಿಂದ ಕೇಳೀನಿ ಈ ಮಾತು, ಅದೂ ಒಂದು ಅಳತಿ ಅಂತ ಯಾವಾಗ್ಲೂ ಅನಿಸಿದ್ದಿಲ್ಲ.

ಅದೇ 24 ಮಿಲಿಮೀಟರ್ ಮಳಿ ಆದ ಮರುದಿನ ಎರಡು ತಂಡ ಮಾಡಿ ಹೊಲಕ್ಕ ಹೋದ್ವಿ. ಮಸಾರಿಯಾಗ ಕೆದ್ರಿದ್ರ ಬರೋಬರಿ ಒಂದ್ ಗೇಣು ಹಸಿ. ಎರಿಯಾಗ ನಾಕೇ ಬೆರಳು. ಹುಡುಗ್ರು ಅಂದ್ರು, ಎರಿ ಹೊಲಕ್ಕ ಕಮ್ಮಿ ಮಳಿ ಬಿದ್ದದ. ಬಾಟ್ಲಿ ಎರಡೂ ಕಡಿ ಇಟ್ಟಿದ್ವಿ, ಒಂದೇ ಇತ್ತು. ಹಂಗಾದ್ರ ನೀರು ಎಲ್ಲಿ ಹೋಯ್ತು?

ಇದಕ್ಕ ಉತ್ತರ ಹುಡುಕ್ಲಿಕ್ಕಿ ಎರಡೂ ಮಣ್ಣು ಸಾಲಿಗಿ ತಂದ್ವಿ. ತೋಯಿಸಿ ಅಂಗೈಯಾಗ ಹೊಸದ್ರ ಎರಿ ಮಣ್ಣು ಬಳಿ ಆಗ್ತದ, ಮುರಿಯಂಗಿಲ್ಲ. ಮಸಾರಿದು ಬತ್ತಿ ಮಾಡೋದ್ರಾಗೇ ಬಿರಿತದ. ಗಾಜಿನ ಭರಣಿಯಾಗ ನೀರು ಹಾಕಿ ಕುಲುಕಿ ಇಟ್ರ ಮಸಾರಿದು ಉಸುಕು ಎರಡು ನಿಮಿಷದಾಗ ತಳಕ್ಕ ಕುಂತು, ಎರಿದು ನೀರು ಮೂರು ದಿನ ಆದ್ರೂ ತಿಳಿ ಆಗ್ಲಿಲ್ಲ. ಅಷ್ಟು ಸಣ್ಣ ಸಣ್ಣ ಕಣ, ಒಂದೊಂದೂ ನೀರು ಹಿಡ್ಕೊಂಡು ಕುಂಡ್ತದ. ಅದಕ್ಕ ಎರಿ ಮ್ಯಾಲಿನ ಪದರೇ ಆ 24 ಮಿಲಿಮೀಟರ್ ಕುಡದು ಮುಗಿಸಿತ್ತು, ಮಸಾರಿ ಹಿಡಿಲಾರದ ಕೆಳಗ ಬಿಟ್ಟಿತ್ತು.

ತೂಕ ಮಾಡಿ ನೋಡಿದ್ದು ಅಡುಗಿ ಮನಿಯಾಗ. 100 ಗ್ರಾಂ ಹಸಿ ಮಣ್ಣು ತಗೊಂಡು ಹಳೀ ಹಂಚಿನ ಮ್ಯಾಲ ಹುರಿಯೋದು, ತೂಕ ಇಳಿಯೋದು ನಿಲ್ಲೋತನ ಹುರದು ಮತ್ತ ತೂಗೋದು, ಕಮ್ಮಿ ಆಗಿದ್ದು ನೀರು. ಬಿಸಿಯೂಟದ ಅಡುಗಿ ಅಕ್ಕ ಮೊದ್ಲು ಒಳಗ ಬಿಡ್ಲಿಲ್ಲ, "ಅನ್ನ ಮಾಡೋ ಒಲಿ ಮ್ಯಾಲ ಮಣ್ಣು ಹುರಿತೀರಿ, ನಾಳಿ ಸಾರಿನಾಗ ಹರಳ ಬಂದ್ರ ನನ್ನ ಬೈತೀರಿ" ಅಂತ. ಕಡಿಗಿ ಅಕಿನೇ ಹುರದ್ಲು, ನಮ್ಮ ಹುಡುಗ್ರಿಗಿ ಹುರಿಲಿಕ್ಕಿ ಬರಂಗಿಲ್ಲ ಅಂತ. ಮಳಿ ಆಗಿ ಎಂಟು ದಿನಕ್ಕ ಮತ್ತ ಹುರದಾಗ ಮಸಾರಿಯಾಗ ನೀರು ಅಂಬೋದು ಹೆಸರಿಗಷ್ಟೇ, ಎರಿಯಾಗ ಇನ್ನೂ ಇತ್ತು. ಹಿಂಗಾರಿಯಾಗ ಮಳಿ ಇಲ್ಲದೇ ಬಿಳಿಜ್ವಾಳ ಬೆಳಿಯೋದು ಈ ಎರಿ ಹಿಡ್ಕೊಂಡ ಹಸಿ ಮ್ಯಾಲೇ ಅಲ್ಲೇನ್ರಿ.

ಮುತ್ಯಾ ಇನ್ನೊಂದು ತಂದಿಟ್ಟ. ಬ್ಯಾಸಗಿಯಾಗ ಎರಿ ಬಿರಿತದಲ್ಲ, ಆ ಬಿರುಕಿನಾಗ ಕೋಲು ಇಳಿಸಿ ತೋರ್ಸ್ದ, ಎರಡೂವರಿ ಫೂಟು ಹೋಯ್ತು. ಮೊದಲ ಮಳಿ ನೀರು ಆ ಬಿರುಕಿನಾಗ ಸೀದಾ ತಳಕ್ಕ ಇಳಿತದ, ಮ್ಯಾಲ ನಾಕ್ ಬೆರಳು ಹಸಿ ಕಂಡ್ರೂ ಕೆಳಗ ಬ್ಯಾರೇನೇ ಇರ್ತದ. ಆಮ್ಯಾಲ ಮಣ್ಣು ಉಬ್ಬಿ ಬಿರುಕು ಮುಚ್ಕೋತದ. ಅಂದ್ರ ನಮ್ ನಾಕ್ ಬೆರಳಿನ ಲೆಕ್ಕನೂ ಪೂರ್ತಿ ಖರೇ ಅಲ್ಲ, ಯಾವ ಜಾಗಾದಾಗ ಕೆದ್ರಿದ್ವಿ ಅಂಬೋದರ ಮ್ಯಾಲ ಅದ. ನಮ್ ಗೋಡಿ ಮ್ಯಾಲಿನ ಥರ್ಮಾಮೀಟರ್ ಮತ್ತ ನೆನಪಾಯ್ತು ಎಲ್ಲಾರಿಗೂ.

ನವೆಂಬರ್‌ದಾಗ ಟ್ರಿಪ್. ಎಲ್ಲಾರೂ ವಿಜಯಪುರ, ಹಂಪಿ ಅಂದ್ರು, ನಾ ಯಾದಗಿರಿ ಅಂದೆ. ಹುಡುಗ್ರ ಮಾರಿ ನೋಡ್ಬೇಕಿತ್ತು. ಪರ್ಮಿಷನ್ ಪತ್ರದ ತ್ರಾಸ ಬರಿಯಂಗಿಲ್ಲ, ಎಲ್ಲಾ ಮಾಸ್ತರಿಗೂ ಗೊತ್ತಿದ್ದಿದ್ದೇ. ಮುಂಜಾನಿ ಬಸ್ಸಿಗಿ ಕಲಬುರಗಿ, ಅಲ್ಲಿನ ಕೋಟೆ ಕಲ್ಲು ಮುಟ್ಟಿ ನೋಡಿ, ಅಲ್ಲಿಂದ ರೈಲಿಗಿ ಶಹಾಬಾದ್, ವಾಡಿ ದಾಟಿ ಯಾದಗಿರಿ. ಈ ಒಂದು ರೈಲಿನ ಹಾದಿಯಾಗ ಮೂರು ಕಾಲದ ಕಲ್ಲು ದಾಟ್ತೀವಿ ಅಂತ ಮೊದ್ಲೇ ಹೇಳಿದ್ದೆ, ಕಿಟಕಿಯಾಗಿಂದ ಏನ್ ಕಾಣ್ತದ ಬರಕೋತ ಬರ್ರಿ ಅಂತ. ಕಲಬುರಗಿ ಕಡಿ ಕರಿ ಕಲ್ಲು, ಸುಮಾರು 6.6 ಕೋಟಿ ವರ್ಷದ ಹಿಂದ ಹರದ ಲಾವಾ ಆರಿ ಆಗಿದ್ದು, ನಮ್ ಎರಿ ಮಣ್ಣು ಅದು ಸವದು ಬಂದದ್ದು. ಶಹಾಬಾದ್ ಬಂತಂದ್ರ ಪರ್ಸಿ, ಮನಿ ನೆಲನೂ ಪರ್ಸಿ, ಹೊಲದ ಬೇಲಿನೂ ಪರ್ಸಿ ನಿಲ್ಸಿದ್ದು, ಹಳೀ ಸಮುದ್ರದ ತಳದಾಗ ಪದರ ಪದರ ಕುಂತ ಸುಣ್ಣದ ಕಲ್ಲು, ಲಾವಾಕ್ಕಿಂತ ಎಷ್ಟೋ ಹಿಂದಿಂದು. ಯಾದಗಿರಿ ಹತ್ರ ಗುಂಡು ಗುಂಡು ಬಂಡಿ, ಗ್ರಾನೈಟ್, 250 ಕೋಟಿ ವರ್ಷದ ಆಸುಪಾಸು, ಎಲ್ಲಾದರ ಅಡಿಪಾಯ ಅದೇ. ಯಾದಗಿರಿ ಕೋಟೆ ಏರಿ ಮ್ಯಾಲ ಕುಂತು ಬುತ್ತಿ ಬಿಚ್ಚಿದಾಗ "ರೊಟ್ಟಿ ಮ್ಯಾಲ ರೊಟ್ಟಿ ಇಟ್ಟಂಗ, ನಾವು ಮ್ಯಾಲಿನ ರೊಟ್ಟಿಯಿಂದ ತಳದ ರೊಟ್ಟಿಗಿ ಬಂದ್ವಿ" ಅಂತ ಒಬ್ಬಾಂವ ಅಂದ. ನಾ ಬರದಿಟ್ಟುಕೊಂಡೀನಿ, ಈ ವರ್ಷ ಪಾಠದಾಗ ಅದನ್ನೇ ಹೇಳ್ದೆ.

ಮೂರೂ ಕಲ್ಲು ಸಾಲಿಗಿ ತಂದು ಲ್ಯಾಬಿನಾಗ ತೆಳ್ಳನ ಹೈಡ್ರೋಕ್ಲೋರಿಕ್ ಆಮ್ಲ ಹನಿ ಹಾಕಿದ್ವಿ. ಕರಿ ಕಲ್ಲು ಸುಮ್ನ, ಗ್ರಾನೈಟ್ ಸುಮ್ನ, ಪರ್ಸಿ ಬುಸ್ ಅಂತು. ಆ ಗಾಳಿ ಒಂದು ನಳಿಕಿಲೆ ಸುಣ್ಣದ ತಿಳಿ ನೀರಿಗಿ ಬಿಟ್ರ ನೀರು ಹಾಲಾಯ್ತು, ಸುಣ್ಣ ನಮ್ ಆಯಾ ಅವ್ವನ ಎಲಿ ಅಡಕಿ ಚೀಲದ್ದೇ. ಕಾರ್ಬನ್ ಡೈ ಆಕ್ಸೈಡ್. ಇದು ಎಲ್ಲಾ ಸಾಲಿಯಾಗ ಮಾಡೋ ಪ್ರಯೋಗನೇ. ಆದ್ರ ಒಂದು ಹುಡುಗಿ, ಅವರಪ್ಪ ಖಣಿಯಾಗ ಕೆಲಸ ಮಾಡ್ತಾನ, ಅಕಿ ಕೇಳಿದ್ಳು, "ಭಟ್ಟಿಯಾಗ ಈ ಕಲ್ಲು ಸುಡ್ತಾರಲ್ರಿ ಟೀಚರ್, ಅವಾಗೂ ಈ ಗಾಳಿ ಬರ್ತದೇನು?" ಬರ್ತದ. 100 ಕಿಲೋ ಶುದ್ಧ ಸುಣ್ಣದ ಕಲ್ಲು ಸುಟ್ರ 56 ಕಿಲೋ ಸುಣ್ಣ, 44 ಕಿಲೋ ಗಾಳಿಗಿ. ಸುಡ್ಲಿಕ್ಕಿ ಹಾಕೋ ಕಲ್ಲಿದ್ದಲಿನ ಹೊಗಿ ಬ್ಯಾರೆ, ಅದರಾಗ ಸೇರಿಲ್ಲ. ಸಿಮೆಂಟಿನಾಗ ಹಿಂಗ ಕಲ್ಲಿನಾಗಿಂದೇ ಗಾಳಿ ಬರೋದು ಇರೋದಕ್ಕ ಬರೇ ಉರುವಲ ಬದ್ಲಿ ಮಾಡಿದ್ರ ಸಾಲಂಗಿಲ್ಲ. ಅಕಿ ಸ್ವಲ್ಪ ಹೊತ್ತು ಆ ಹಾಲಿನಂಥ ನೀರು ನೋಡಿ, "ಅಂದ್ರ ಇದು ಮತ್ತ ಕಲ್ಲೇ ಆಯ್ತಲ್ರಿ" ಅಂದ್ಳು. ಹೌದು, ಆ ಬಿಳಿ ಪುಡಿ ಪರ್ಸಿಯಾಗಿನ ಸುಣ್ಣದ ಕಲ್ಲೇ. ಸಿಮೆಂಟ್ ಬ್ಯಾಡ ಅಂತ ಹೇಳೋ ಮಾರಿ ನನಗಿಲ್ಲ, ನಮ್ ತಾಲೂಕಿನ ಎಷ್ಟೋ ಮನಿ ಅದರ ಮ್ಯಾಲೇ ನಡದಾವ, ನಮ್ ಸಾಲಿ ಕಟ್ಟಿದ್ದೂ ಅದರಲೇ.

ಈಗ ನನ್ ಮಾನ ಹೋಗಿದ್ದು ಹೇಳ್ಬೇಕು. ಸೆಪ್ಟೆಂಬರಿನ ಒಂದು ಐತವಾರ ಬಾಟ್ಲಿ ವಹಿಯಾಗ 6 ಮಿಲಿಮೀಟರ್ ಅಂತ ಇತ್ತು. ಅವತ್ತು ಮಳಿನೇ ಬಂದಿದ್ದಿಲ್ಲ. ಬರದ ಹುಡುಗ ಮಾಮಾನ ಊರಿಗಿ ಹೋಗಿದ್ದ, ಸೋಮವಾರ ಬಂದು ಖಾಲಿ ಮನಿ ನೋಡಿ ಅಂಜಿ ತುಂಬಿದ್ದ. ಎಂಟನೇ ಕ್ಲಾಸಿನ ಅವನ ತಂಗಿನೇ ಹೇಳಿಬಿಟ್ಳು. ನಾ ಎಲ್ಲಾರ ಮುಂದ ಬೈದೆ, ಸುಳ್ಳ ಲೆಕ್ಕ ಯಾಕ ಬರದಿ ಅಂತ. ಅಂವ ತಲಿ ಕೆಳಗ ಹಾಕಿ "ಫೈಲ್‌ದಾಗ ಹಂಗೇ ಬರಿತೀವಲ್ರಿ ಟೀಚರ್" ಅಂದ. ಅಂವ ಎದುರು ಮಾತಾಡ್ಲಿಕ್ಕಿ ಅಂದಿದ್ದಲ್ಲ, ಖರೇನೇ ಹೇಳಿದ್ದು. ನನಗ ಬಾಯಿ ಬರಲಿಲ್ಲ. ಆ ಫೈಲಿನ ಮ್ಯಾಲ ಸಹಿ ನಂದೇ ಇತ್ತು.

ಅವತ್ತಿಂದ ವಹಿ ಮೊದಲ ಪುಟದಾಗ ಬರದೀವಿ: ಮಳಿ ಬರ್ಲಿಲ್ಲ ಅಂದ್ರ ಸೊನ್ನಿ, ನೋಡ್ಲಿಲ್ಲ ಅಂದ್ರ ಖಾಲಿ. ಸೊನ್ನಿ ಬರಿಲಿಕ್ಕಿ ಹೋಗಿ ನೋಡ್ಬೇಕು.

ಈ ನಿಯಮದ ಬಿಸಿ ತಟ್ಟಿದ್ದು ಬಾವಿ ತಂಡಕ್ಕ. ಊರ ಹೊರಗಿನ ಒಂದು ಹೊಲದ ಬಾವಿ, ವಾರಕ್ಕೊಮ್ಮಿ ಹಗ್ಗಕ್ಕ ಕಲ್ಲು ಕಟ್ಟಿ ಇಳಿಸಿ ನೀರು ಎಷ್ಟು ಕೆಳಗ ಅದ ಅಳಿಯೋದು. ಮೊದ್ಲು ಅಂಕಿ ಹುಚ್ಚುಚ್ಚಾಗಿ ಏರಿ ಇಳಿತಿತ್ತು, ಆಮ್ಯಾಲ ಗೊತ್ತಾಯ್ತು, ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಮೋಟರ್ ಹಚ್ತಾರ, ಮುಂಜಾನಿ ಬಾವಿ ಇಳದಿರ್ತದ, ಸಂಜಿಗಿ ಮತ್ತ ಸೆಲಿ ನೀರು ಬಂದು ಏರಿರ್ತದ. ಅದಕ್ಕ ಸಂಜಿ ಟೇಮೇ ಗಟ್ಟಿ ಮಾಡಿದ್ವಿ. ತಂಡದ ಲೀಡರ್ ಒಂದು ಹುಡುಗಿ, ಬಾವಿ ಮಾಲಕ ಅಕಿಗಿ ಮಾತ್ರ ಬಿಡ್ತಿದ್ದ, ಸಂಬಂಧದಾಗ ಮಗಳಾಗ್ಬೇಕಂತ. ದೀಪಾವಳಿ ಆಗಿ ತಿಂಗಳಿಗಿ ಅವರ ಮನಿಯವ್ರು ಪುಣೆಕ್ಕ ದುಡಿಲಿಕ್ಕಿ ಹೋದ್ರು, ತಮ್ಮನ್ನ ನೋಡ್ಕೊಳ್ಳಾಕ ಅಕಿನೂ ಹೋದ್ಳು. 11 ವಾರ ಖಾಲಿ.

ನಡುವ ಒಬ್ರು ಅಧಿಕಾರಿ ಸಾಲಿ ನೋಡ್ಲಿಕ್ಕಿ ಬಂದ್ರು. ಗೋಡಿ ಮ್ಯಾಲಿನ ಗ್ರಾಫ್ ನೋಡಿ ಖುಷಿ ಪಟ್ರು, ಫೋಟೋ ತಗೊಂಡ್ರು, ಆಮ್ಯಾಲ "ಮೇಡಂ, ಈ ಗ್ಯಾಪ್ ಛೊಲೊ ಕಾಣಂಗಿಲ್ಲ, ಅಂದಾಜಿನ ಮ್ಯಾಲ ತುಂಬಿಬಿಡ್ರಿ" ಅಂದ್ರು. ಕೆಟ್ಟ ಮನಸಿಲೆ ಅಂದಿದ್ದಲ್ಲ. ಹಿಂದಿನ ವರ್ಷ ಆಗಿದ್ರ ನಾ ಅವ್ರು ಚಹಾ ಕುಡಿಯೋದ್ರಾಗ ತುಂಬಿ ತೋರಿಸ್ತಿದ್ದೆ. ಹೂಂ ಸರ್ ನೋಡ್ತೀನ್ರಿ ಅಂದೆ, ತುಂಬಲಿಲ್ಲ.

ಪರೀಕ್ಷಿ ಹತ್ರ ಬಂದಾಗ ಹುಡುಗಿ ತಿರುಗಿ ಬಂದ್ಳು, ಅಪ್ಪ ಒಬ್ಬನೇ ಕರ್ಕೊಂಡು ಬಂದು ಅಜ್ಜಿ ಮನಿಯಾಗ ಬಿಟ್ಟು ಹೋಗಿದ್ದ. ಬಂದ ಮರುದಿನ ಸಂಜಿನೇ ಹಗ್ಗ ತಗೊಂಡು ಬಾವಿಗಿ ಹೋದ್ಳು. ನೀರು ಅಕಿ ಬಿಟ್ಟು ಹೋದಾಗಿಂದಕ್ಕಿಂತ 7 ಫೂಟು ಕೆಳಗ. ಗ್ರಾಫಿನ ಮ್ಯಾಲ ಚುಕ್ಕಿ ಇಟ್ಟು, ಹಳೀ ಚುಕ್ಕಿಯಿಂದ ಹೊಸಾ ಚುಕ್ಕಿತನ ಪೆನ್ಸಿಲಿಲೆ ಸೀದಾ ಗೆರಿ ಎಳಿಲಿಕ್ಕಿ ಹೋದ್ಳು. ಆ 6 ಮಿಲಿಮೀಟರ್ ಹುಡುಗನೇ ಎದ್ದು ಬಂದ.

"ಗೆರಿ ಎಳಿಬ್ಯಾಡ, ನೀ ನೋಡಿಲ್ಲ."

"ಇಳದದಲ್ಲ, ಇಲ್ಲಿಂದ ಇಲ್ಲಿತನ ಇಳದೇ ಇಳದದ."

"ಒಮ್ಮಿಗೇ ಇಳದಿತ್ತೋ ಸಣ್ಣಕ ಇಳದಿತ್ತೋ ನಿಂಗೇನ್ ಗೊತ್ತು? ನಡುವ ಏರಿದ್ರ?"

ಅಕಿ ಚುಕ್ಕಿ ಚುಕ್ಕಿ ಗೆರಿ ಹಾಕಿ ಕೆಳಗ ಅಂದಾಜು ಅಂತ ಬರಿತೀನಿ ಅಂದ್ಳು, ಅಂವ ಅದಕ್ಕೂ ಒಪ್ಪಲಿಲ್ಲ. ಇಬ್ರೂ ನನ್ ಕಡಿ ನೋಡಿದ್ರು. ಎರಡೂ ನಡಿತದ, ವಿಜ್ಞಾನಿಗೋಳೂ ಚುಕ್ಕಿ ಗೆರಿ ಹಾಕ್ತಾರ, ಆದ್ರ ಅಂದಾಜು ಅಂತ ಬರದಿರ್ಬೇಕು, ನೀವೇ ತೀರ್ಮಾನ ಮಾಡ್ರಿ ಅಂತ ಹೇಳಿ ನಾ ಎಂಟನೇ ಕ್ಲಾಸಿಗಿ ಹೋದೆ. ತಿರುಗಿ ಬಂದಾಗ ಗೆರಿ ಎಳದು ಅಳಿಸಿದ್ದು ಕಾಣ್ತಿತ್ತು, ರಬ್ಬರ್ ತಿಕ್ಕಿ ಶೀಟು ಅಲ್ಲಿ ತೆಳ್ಳಗಾಗಿತ್ತು. ಖಾಲಿ ಜಾಗಾದ ಕೆಳಗ ಅಕಿನೇ ತನ್ ಅಕ್ಷರದಾಗ "ಪುಣೆ" ಅಂತ ಬರದಿದ್ಳು.

ಆ ಶೀಟು ಇನ್ನೂ ಗೋಡಿ ಮ್ಯಾಲ ಅದ. ಈ ವರ್ಷದ ಒಂಬತ್ತನೇ ಕ್ಲಾಸಿನವ್ರು ಹೊಸಾ ವಹಿ ಹಾಕ್ಯಾರ, ಮಂಗ್ಯಾಕ್ಕ ಅಂಜಿ ಬಾಟ್ಲಿಗಿ ತಂತಿ ಜಾಳಗಿ ಕಟ್ಟ್ಯಾರ. ಮಿರಗ ಮಳಿ ಮೊನ್ನಿ ಬಂತು, 17 ಮಿಲಿಮೀಟರ್. ಮುತ್ಯಾ ಇನ್ನೂ ಬಿತ್ತಿಗಿ ಬ್ಯಾಡ ಅಂತಾನ, ಅವನ ಮಗ ಬೀಜ ತಂದಿಟ್ಟಾನ, ಹುಡುಗ್ರು ಇವತ್ತು ಕುರ್ಪಿ ತಗೊಂಡು ಅವರ ಹೊಲಕ್ಕ ಹೋಗ್ಯಾರ.